ಟಾರ್ಪಾಲು ಹೊದ್ದ ಯಂತ್ರ ಮತ್ತು ನಮ್ಮ ಅವಸರ

ಎರಡು ವರ್ಷದ ಹಿಂದೆ ನಾವೊಂದು ವರದಿ ಬರೆದಿದ್ದೆವು. ಶಿಕಾರಿಪುರ ತಾಲ್ಲೂಕಿನ ಒಂದು ಐಟಿಐಗೆ ಬೇರೇನೋ ಕೆಲಸಕ್ಕೆ ಹೋದಾಗ ವರ್ಕ್‌ಶಾಪಿನ ಮೂಲೆಯಲ್ಲಿ ಹೊಸ ಸಿಎನ್‌ಸಿ ಲೇತ್ ಒಂದು ನೀಲಿ ಟಾರ್ಪಾಲು ಹೊದ್ದು ನಿಂತಿತ್ತು. ಪಕ್ಕದಲ್ಲಿ ಹುಡುಗರು ಹಳೇ ಲೇತ್‌ಗಳ ಮುಂದೆ ಸಾಲು ನಿಂತಿದ್ದರು. ಫೋಟೋ ಚೆನ್ನಾಗಿ ಬಂತು. ‘ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಟಾರ್ಪಾಲು’ ಅಂತ ತಲೆಬರಹ ಕೊಟ್ಟೆವು. ಸಂಜೆಯೊಳಗೆ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದೇ.

ಬೋಧಕರನ್ನು ಮಾತಾಡಿಸಿದ್ದೆವಾ? ಇಲ್ಲ. ಅವರು ಪಾಠದಲ್ಲಿದ್ದರು, ನಮಗೆ ಶಿರಾಳಕೊಪ್ಪದ ಬಸ್ಸು ಹಿಡಿಯಬೇಕಿತ್ತು. ಪತ್ರಿಕೋದ್ಯಮ ತರಗತಿಯಲ್ಲಿ ಮೊದಲ ವಾರವೇ ಹೇಳಿಕೊಟ್ಟ ಪಾಠ ಅದು.

ಮೂರನೇ ದಿನ ಅವರೇ ಫೋನ್ ಮಾಡಿದರು. ಬೈಗುಳ ಕೇಳಲು ಸಿದ್ಧರಾಗಿದ್ದೆವು. ಅವರು ಹೇಳಿದ್ದು ಇಷ್ಟೇ: “ಒಂದಿನ ಸಂಜೆ ಐದೂವರೆ ಮೇಲೆ ಬನ್ನಿ. ಆಗ ಟಾರ್ಪಾಲು ತೆಗೆದಿರ್ತೀನಿ.”

ಹೋದೆವು. ಹುಡುಗರೆಲ್ಲ ಮನೆಗೆ ಹೋಗಿದ್ದರು. ಸೊರಬದ ಕಡೆಯ ಒಬ್ಬ ಹುಡುಗಿ ಮಾತ್ರ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಉಳಿದಿದ್ದಳು. ಮೇಷ್ಟ್ರು ಕನ್ನಡಕ ಮೂಗಿಗಿಳಿಸಿಕೊಂಡು ಎರಡು ಗೆರೆಯ ನೋಟ್‌ಬುಕ್ ತೆರೆದಿದ್ದರು. ಅದರಲ್ಲಿ ಜಿ00, ಜಿ01, ಎಂ03, ಎಂ30 ಎಂದು ಕನ್ನಡದಲ್ಲೇ ಬರೆದು, ಎದುರಿಗೆ ‘ಬೇಗ ಓಡು’, ‘ಕೊರೆಯುತ್ತಾ ಹೋಗು’, ‘ತಿರುಗು’, ‘ಮುಗೀತು’ ಎಂದು ಅರ್ಥ. ಇಪ್ಪತ್ತು ವರ್ಷ ಹಳೇ ಲೇತ್ ಮೇಲೆ ಕಲಿಸಿದವರು. ಟೂಲ್ ಮೊಂಡಾಗಿದ್ದರೆ ಬೆನ್ನು ತಿರುಗಿಸಿ ನಿಂತರೂ ಸದ್ದಿನಲ್ಲೇ ಹೇಳಬಲ್ಲರು. “ಈ ಯಂತ್ರದಲ್ಲಿ ಬಾಗಿಲು ಹಾಕ್ಕಂಡೇ ಕೆಲಸ ನಡೆಯುತ್ತೆ ನೋಡಿ. ಕೈಗೂ ಸಿಗಲ್ಲ, ಕಿವಿಗೂ ಸಿಗಲ್ಲ” ಅಂದರು.

ಅವರಿಗೆ ಸಿಕ್ಕ ತರಬೇತಿ ಒಂದು ವಾರದ್ದು. ಕೋಣೆ ತುಂಬ ಬೋಧಕರು, ಒಂದೇ ಯಂತ್ರ. ಇವರ ಕೈಗೆ ಅದು ಬಂದದ್ದು ಎಲ್ಲ ಸೇರಿ ಅರ್ಧ ಗಂಟೆ ಇರಬಹುದಂತೆ. ಉಳಿದದ್ದು ಸ್ಲೈಡು.

ಆಮೇಲೆ ಅವರು ಚುಕ್ಕೆಯ ಕಥೆ ಹೇಳಿದರು. ಪ್ರೋಗ್ರಾಂನಲ್ಲಿ ಎಕ್ಸ್ 50 ಎಂದು ಬರೆದು ಮುಂದೆ ದಶಮಾಂಶದ ಚುಕ್ಕೆ ಇಡದಿದ್ದರೆ ಕೆಲವು ಯಂತ್ರಗಳು ಅದನ್ನು 50 ಮಿಲಿಮೀಟರ್ ಎಂದು ಓದುವುದಿಲ್ಲ, 50 ಮೈಕ್ರಾನ್ ಎಂದು ಓದುತ್ತವೆ. ಅಂದರೆ ಕೂದಲೆಳೆಯಷ್ಟು. ಟೂಲ್ ಕಬ್ಬಿಣದ ಅಂಚಿನಲ್ಲಿ ನಿಲ್ಲುವ ಬದಲು ಪೂರ್ತಿ ವೇಗದಲ್ಲಿ ಅದರ ಹೊಟ್ಟೆಗೇ ನುಗ್ಗುತ್ತದೆ. ಟೂಲ್ ಮುರಿದರೆ ಸರಿ, ಸ್ಪಿಂಡಲ್‌ಗೆ ಪೆಟ್ಟು ಬಿದ್ದರೆ ರಿಪೇರಿಗೆ ಎಷ್ಟೋ ತಿಂಗಳು. “ಮುರಿದವರು ಯಾರು ಅಂತ ಕಾಗದ ಬರುತ್ತೆ. ಕಲಿಯೋಕೆ ಹೋಗಿ ಮುರೀತು ಅಂತ ಬರೆಯೋಕೆ ಆ ಫಾರಂನಲ್ಲಿ ಜಾಗ ಇಲ್ಲ.” ಟಾರ್ಪಾಲು ಯಾಕೆಂದು ನಮಗೆ ಆಗ ತಿಳಿಯಿತು. ಅದು ಸೋಮಾರಿತನದ್ದಲ್ಲ, ಹೆದರಿಕೆಯದ್ದು.

ಕಲಿಸುವವರಿಗೂ ಕಲಿಸಬೇಕು ಎನ್ನುವುದು ನಮ್ಮ ದೇಶಕ್ಕೆ ಹೊಸ ವಿಚಾರವೇನಲ್ಲ. ಬಿಲಾಸಪುರದ ಹತ್ತಿರ ಕೋನಿಯಲ್ಲಿ ಕುಶಲಕರ್ಮಿ ಬೋಧಕರ ತರಬೇತಿ ಶುರುವಾದದ್ದು 1948ರಲ್ಲಿ. ಈಗ ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಅದೇ ಬಗೆಯ ಒಂದು ವರ್ಷದ ಕೋರ್ಸಿದೆ: ಕೆಲಸ ಬಲ್ಲವನಿಗೆ ಕಲಿಸುವುದನ್ನು ಕಲಿಸುವ ಕೋರ್ಸು. ಪಾಲಿಟೆಕ್ನಿಕ್ ಮೇಷ್ಟ್ರುಗಳಿಗಾಗಿ 1964ರಲ್ಲಿ ಚೆನ್ನೈನಲ್ಲಿ ಹುಟ್ಟಿದ ಸಂಸ್ಥೆಗೆ ಭಾರತ ಸರ್ಕಾರದ ಐಟೆಕ್ ಯೋಜನೆಯಡಿ ಆಫ್ರಿಕಾ, ಏಷ್ಯಾದ ದೇಶಗಳಿಂದಲೂ ಶಿಕ್ಷಕರು ಬಂದು ಕಲಿತು ಹೋಗುತ್ತಾರೆ. ದೂರದ ದೇಶದವರಿಗೆ ಕಲಿಸುವಷ್ಟು ನಮಗೆ ಗೊತ್ತಿದೆ ಅಂತಾಯಿತು. 2022ರ ಜೂನ್‌ನಲ್ಲಿ ಕರ್ನಾಟಕದ 150 ಐಟಿಐಗಳು ಹೊಸ ಯಂತ್ರಗಳೊಂದಿಗೆ ಟೆಕ್ನಾಲಜಿ ಹಬ್‌ಗಳಾಗಿ ಉದ್ಘಾಟನೆಯಾದವು. ಒಳ್ಳೆಯದೇ. ಆದರೆ ಯಂತ್ರಕ್ಕೆ ಬೆಲೆ ಕಟ್ಟಿ ಟೆಂಡರ್ ಕರೆಯಬಹುದು. ಮೇಷ್ಟ್ರು ತಪ್ಪು ಮಾಡಲು ಬೇಕಾದ ಇನ್ನೂರು ಗಂಟೆಗೆ ಟೆಂಡರ್ ಕರೆಯುವವರು ಯಾರು? (ಇನ್ನೂರು ಎನ್ನುವುದು ಆ ಮೇಷ್ಟ್ರದೇ ಲೆಕ್ಕ.)

ಅವತ್ತು ಆ ಹುಡುಗಿಯ ಜೊತೆ ಅದೇ ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಅಪ್ಪನದು ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್ ರಿಪೇರಿಯ ಅಂಗಡಿ. ಸಣ್ಣ ಬಿಡಿಭಾಗ ಮುರಿದರೂ ಶಿವಮೊಗ್ಗಕ್ಕೆ ಹೋಗಬೇಕು. ಅದನ್ನು ಇಲ್ಲೇ ಮಾಡಿಕೊಳ್ಳಬಹುದಲ್ಲ ಎನ್ನುವುದು ಅವಳ ತಲೆಯಲ್ಲಿತ್ತು. ‘ಉದ್ಯಮದ ಅಗತ್ಯ’ ಅಂತ ವರದಿಗಳಲ್ಲಿ ನಾವು ಬರೆಯುವಾಗ ಹೊಸೂರು, ಪೀಣ್ಯ ಕಣ್ಣ ಮುಂದೆ ಬರುತ್ತವೆ. ಕೊಯ್ಲಿನ ಹೊತ್ತಿಗೆ ನಿಂತುಹೋದ ಸುಲಿಯುವ ಯಂತ್ರ ಬರುವುದಿಲ್ಲ.

ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆ ಎಲ್ಲರಿಗೂ ಗೊತ್ತು. ಮಾರನೆಯ ದಿನ ಪೇಟೆಯಲ್ಲಿ ಹಿರಿಯ ಕೆತ್ತನೆಗಾರರೊಬ್ಬರು ಸಿಕ್ಕಾಗ, ಹುಡುಗರ ಕೈಗೆ ಗಂಧದ ತುಂಡು ಯಾವಾಗ ಕೊಡುತ್ತೀರಿ ಎಂದು ಕೇಳಿದೆವು. “ಮೊದಲು ಹಾಳಾದರೂ ಪರವಾಗಿಲ್ಲ ಅನ್ನೋ ಮರ ಕೊಡೋದು. ಅದನ್ನ ಎಷ್ಟು ಹಾಳು ಮಾಡ್ತಾನೋ ಮಾಡ್ಲಿ” ಅಂದರು. ಒಂದು ಐಟಿಐ ಮೇಷ್ಟ್ರಿಗೆ ನಾವು ನೇರವಾಗಿ ಗಂಧವನ್ನೇ ಕೊಟ್ಟು, ಹಾಳಾದರೆ ನೋಡು ಎಂದಿದ್ದೇವೆ.

ಮುಂದಿನ ತಿಂಗಳು ಮತ್ತೆ ಹೋದಾಗ ಮೇಷ್ಟ್ರು ಒಂದು ಉಪಾಯ ಮಾಡಿದ್ದರು. ಕಬ್ಬಿಣದ ಬದಲು ನೈಲಾನ್ ಕಂಬಿ, ವೇಗ ಕಾಲುಭಾಗ. ಪ್ರೋಗ್ರಾಂ ತೆರೆ ಮೇಲೆ ಹಾಕಿ ಬಟನ್ ಒತ್ತಲು ಕೈಯೆತ್ತಿದರು. “ಸಾರ್, ಮೂರನೇ ಸಾಲಲ್ಲಿ ಚುಕ್ಕೆ ಇಲ್ಲ” ಅಂದಳು ಹುಡುಗಿ. ಅವರು ಬಗ್ಗಿ ನೋಡಿದರು, ನಕ್ಕರು, ತಿದ್ದಿದರು. “ನೀನೇ ಒತ್ತಮ್ಮ” ಅಂತ ಪಕ್ಕಕ್ಕೆ ಸರಿದರು. ಬಾಗಿಲಿನ ಗಾಜಿನಾಚೆ ಬಿಳಿ ನೈಲಾನ್ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು.

ನಾವು ತಿದ್ದುಪಡಿ ಬರೆದು ಹಾಕಿದೆವು. ತಮ್ಮ ಹೆಸರು ಬೇಡ, ಊರೂ ಬೇಡ ಅಂದಿದ್ದರು ಮೇಷ್ಟ್ರು. ಮೊದಲ ವರದಿ ಹಂಚಿಕೊಂಡವರಲ್ಲಿ ಅದನ್ನು ಹಂಚಿಕೊಂಡವರು ನಮ್ಮ ಗೆಳೆಯರೇ ನಾಲ್ಕೈದು ಜನ. ಆ ಟಾರ್ಪಾಲಿನ ಫೋಟೋ ಮಾತ್ರ ಇನ್ನೂ ತಿರುಗುತ್ತಿದೆ. ಕಳೆದ ತಿಂಗಳು ನಮ್ಮ ಮನೆಯವರ ಗುಂಪಿಗೇ ಬಂತು, ಕೆಳಗೆ ‘ನಾಚಿಕೆಗೇಡು’ ಅಂತ ಯಾರೋ ಬರೆದಿದ್ದರು.