ಅಂತ್ಯವಿಲ್ಲದ ಆಟ

ವಿಡಿಯೋ ಆಟಗಳಲ್ಲಿ ನಮಗೂ ಅಲ್ಪಸ್ವಲ್ಪ ಅಭಿರುಚಿಯುಂಟೆಂದರೆ ನಮ್ಮ ಪೂರ್ವವಿದ್ಯಾರ್ಥಿನಿಯರು ನಕ್ಕಾರು, ಪೋಷಕರು ಹುಬ್ಬೇರಿಸಿಯಾರು. ಆದರೂ ಸತ್ಯವನ್ನು ಮರೆಮಾಚಲಾಗದು.

ನಮಗೆ ಅಚ್ಚುಮೆಚ್ಚಾದುದು ಹಳೆಯ ಟೆಟ್ರಿಸ್. 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬವರು ಇದನ್ನು ರಚಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಇಳಿಯುವುವು. ತುಂಬಿದ ಸಾಲು ಮಾಯವಾಗುವುದು. ತಪ್ಪಿ ಇಟ್ಟದ್ದು ರಾಶಿಯಾಗಿ ಉಳಿಯುವುದು. ಹೊಸತರಲ್ಲಿ 2014ರ ಮಾನ್ಯುಮೆಂಟ್ ವ್ಯಾಲಿ ನಮಗೆ ಪ್ರಿಯ. ಇಡಾ ಎಂಬ ರಾಜಕುಮಾರಿಗೆ ಗೋಪುರಗಳನ್ನು ತಿರುಗಿಸಿ ದಾರಿ ಮಾಡಿಕೊಡಬೇಕು. ಅವಸರವಿಲ್ಲ, ಕೆಲವೇ ಅಧ್ಯಾಯಗಳಲ್ಲಿ ಕಥೆ ಮುಗಿಯುವುದು. ಟೆಟ್ರಿಸಿಗಾದರೋ ಅಂತಹ ಮುಕ್ತಾಯವಿಲ್ಲ. ಸೋತೊಡನೆ ಮತ್ತೊಮ್ಮೆ ಆಡಲು ಕೈ ತವಕಿಸುವುದು.

ಒಂದು ರಾತ್ರಿ ಹೀಗೆ ಆಡುತ್ತ ಕುಳಿತು, ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದದೆ ಹೋದೆವು. ಬೆಳಗ್ಗೆ ಒಬ್ಬ ಬಾಲಿಕೆ ಬಂದು, "ಟೀಚರ್, ನನ್ನ ಪೇಪರ್ ನೋಡಿದಿರಾ?" ಎಂದಳು. ಹಿಂದಿನ ವಾರ ಅವಳ ಮೊಬೈಲನ್ನು ಆಟದ ಕಾರಣಕ್ಕಾಗಿಯೇ ತೆಗೆದಿರಿಸಿದ್ದೆವು. ತಲೆನೋವಿತ್ತೆಂದು ಹೇಳಬಹುದಾಗಿತ್ತು, ನಿಜವನ್ನೇ ನುಡಿದೆವು. ಅವಳು ನಗಲಿಲ್ಲ. "ನನಗೂ ನಿಲ್ಲಿಸೋಕಾಗೋದಿಲ್ಲ, ಟೀಚರ್" ಎಂದಳು ಮೆಲ್ಲನೆ.

ಅಂದಿನಿಂದ ಕೆಲಸ ಮುಗಿದ ಮೇಲೆ, ಗಡಿಯಾರವನ್ನು ಇದಿರಿಗಿಟ್ಟುಕೊಂಡು, ಅರ್ಧ ಗಂಟೆ ಮಾತ್ರ ಆಡುತ್ತೇವೆ. ಅಂತ್ಯವಿಲ್ಲದ ಆಟಕ್ಕೆ ಆಡುವವರೇ ಅಂತ್ಯವನ್ನು ಹಾಕಬೇಕಷ್ಟೆ. ಪೋಷಕರಲ್ಲಿ ನಮ್ಮ ವಿನಂತಿಯಿಷ್ಟು: ಮಗಳ ಕೈಯಿಂದ ಆಟವನ್ನು ಕಸಿಯುವ ಮುನ್ನ, ಅವಳ ಬಳಿ ಕುಳಿತು ನೀವೂ ಒಮ್ಮೆ ಆಡಿರಿ, ಬಳಿಕ ನಿಲ್ಲಿಸಲು ಯತ್ನಿಸಿರಿ.