ಸೂಜಿಗಲ್ಲಿಗೆ ಓಗೊಡುವ ನೀರು

ಬಿ. ಎ. ಓದುವವನಿಗೆ ಪರಮಾಣುಬೀಜದ ಗೊಡವೆ ಏಕೆಂದು ಸಹಪಾಠಿಗಳು ನಕ್ಕಾರು. ಭೌತಶಾಸ್ತ್ರದೊಡನೆ ನನ್ನ ಪರಿಚಯ ಹತ್ತನೆಯ ಇಯತ್ತೆಗೇ ಮುಗಿದಿತ್ತು. ಆದರೆ ವಿದ್ಯೆ ಪರೀಕ್ಷೆಗಾಗಿ ಮಾತ್ರವಲ್ಲ. ಮನೆಯವರ ಪ್ರಶ್ನೆಗೆ ಉತ್ತರಿಸುವ ಹೊಣೆಯೂ ಅದರ ಬೆನ್ನಿಗೇ ಬರುತ್ತದೆ. ಮೂಡಲಗಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ.

ಹೋದ ವರ್ಷ ಅವ್ವನ ಬೆನ್ನುನೋವಿಗಾಗಿ ಬೆಳಗಾವಿಯಲ್ಲಿ ಎಂ. ಆರ್. ಐ. ತೆಗೆಸಬೇಕಾಯಿತು. ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಿರೆಂದರು. ಕಾಲುಂಗುರ ಬಿಚ್ಚಿದವಳು ತಾಳಿಗೆ ಬಂದಾಗ ನಿಂತುಬಿಟ್ಟಳು.

“ತಮ್ಮಾ, ನಿಮ್ಮಪ್ಪ ಇನ್ನೂ ಗಟ್ಟಿ ಅದಾರ. ತಾಳಿ ಯಾಕ ತಗೀಬೇಕೋ?”

“ಯವ್ವಾ, ಒಳಗ ದೊಡ್ಡ ಸೂಜಿಗಲ್ಲು ಐತಿ. ನಮ್ಮ ಮೈಯಾಗಿನ ನೀರು ಅದಕ್ಕ ಓಗೊಡತೈತಿ. ನಡುವ ಲೋಹ ಇದ್ದರ ಆ ದನಿ ಕೆಡತೈತಿ.”

ಹುಕ್ಕೇರಿಯಿಂದ ಬಂದಿದ್ದ ಆಯಿ ಅರಿಷಿಣದ ಕೊಂಬನ್ನು ನೂಲಿಗೆ ಕಟ್ಟಿ ಮಗಳ ಕೊರಳಿಗೆ ಹಾಕಿದಳು. ಆ ಮೇಲೆಯೇ ತಾಳಿ ಕೆಳಗಿಳಿಯಿತು.

ನಾನಾಡಿದ ಮಾತು ನನ್ನನ್ನೇ ಬೆನ್ನತ್ತಿತು. ಗ್ರಂಥಾಲಯದಲ್ಲಿ ಕುಳಿತು ಓದಿದೆ. ನೀರಿನಲ್ಲಿರುವ ಜಲಜನಕದ ಬೀಜ ಒಂದು ಅತಿ ಕಿರಿದಾದ ಸೂಜಿಗಲ್ಲು. ಕಾಂತಕ್ಷೇತ್ರದಲ್ಲಿ ಅದು ಬುಗುರಿಯಂತೆ ಓಲಾಡುತ್ತದೆ. 1 ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 4.26 ಕೋಟಿ ಸಲ. ಅದೇ ಲಯದ ರೇಡಿಯೋ ಅಲೆ ತಾಗಿದರೆ ಬೀಜವು ಓಗೊಡುತ್ತದೆ. ಇದನ್ನು ಕಂಡುಹಿಡಿದ ಬ್ಲಾಕ್ ಮತ್ತು ಪರ್ಸೆಲ್ ಅವರಿಗೆ 1952ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದಕ್ಕೂ ಮೊದಲೇ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಈ ಅನುರಣನವನ್ನು ಅಳೆದು ಪ್ರಕಟಿಸಿದ್ದರು. ಅಲೆ ತಾಗಿ ದಣಿದ ಬೀಜಗಳು ಮುಂದೆ ಸಾಗಿ, ಹೊಸವು ಬರುವುದರಿಂದ ಹರಿಯುವ ನೀರಿನ ದನಿಯೇ ಬೇರೆ. ಗೋಕಾಕದಲ್ಲಿ ಘಟಪ್ರಭೆ ಧುಮುಕುವುದನ್ನು ಕಂಡ ನಮಗೆ ಇದು ಅಪರಿಚಿತವೆನಿಸದು.

ಆಸ್ಪತ್ರೆಯ ಸೂಜಿಗಲ್ಲಿನ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ವಸ್ತುಗಳ ಒಳಗುಟ್ಟು ಅರಿಯಲು ವಿಜ್ಞಾನಿಗಳಿಗೆ ಹತ್ತಾರು ಟೆಸ್ಲಾ ಬೇಕಾಗುತ್ತದೆ. ಅಷ್ಟು ಬಲವನ್ನು ಸಾಮಾನ್ಯ ತಂತಿಯ ಸುರುಳಿಯಲ್ಲಿ ಸತತವಾಗಿ ನಿಲ್ಲಿಸಿದರೆ ಅದು ಕಾಯ್ದು ಸುಟ್ಟೀತು. ಆದುದರಿಂದ ಕೆರೆ ತುಂಬಿಸಿ ತೂಬು ತೆರೆದಂತೆ, ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಹರಿಸುತ್ತಾರೆ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಕಪಿಟ್ಸ ಹೀಗೆಯೇ ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಹೊತ್ತು 30 ಟೆಸ್ಲಾಕ್ಕೂ ಮಿಕ್ಕ ಕ್ಷೇತ್ರವನ್ನು ಪಡೆದನು. ತೊಡಕೆಂದರೆ, ಕ್ಷೇತ್ರ ಏರಿ ಇಳಿದಂತೆ ಬೀಜದ ಲಯವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಅಲೆಯು ತುದಿ ಮುಟ್ಟಿದ ಗಳಿಗೆಯಲ್ಲಿಯೇ ಪ್ರಶ್ನೆ ಕೇಳಿ ಉತ್ತರ ಹಿಡಿಯಬೇಕು. ಈ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಡ್ರೆಸ್ಡನ್ನಿನಲ್ಲಿ ಅದನ್ನು ಸಾಧಿಸಿದರು.

ಅವ್ವನಿಗೆ ಯಂತ್ರದ ಭಯವಿರಲಿಲ್ಲ, ಕಾರಣ ತಿಳಿಯದ ಅಪ್ಪಣೆಯ ಭಯವಿತ್ತು. ಕಾರಣವನ್ನು ತನ್ನ ಮಾತಿನಲ್ಲಿ ಕೇಳಿದೊಡನೆ ಮುಂದಿನ ದಾರಿಯನ್ನು ಮನೆಯ ಹೆಂಗಸರೇ ಕಂಡುಕೊಂಡರು. ಮನೆಗೆ ಮೊದಲ ಪದವೀಧರರಾಗಿ ಹೊರಬೀಳುವ ನಾವು, ಕಲಿತದ್ದನ್ನು ಸಂತೆಯಲ್ಲಿ ನಿಂತು ನಮ್ಮವರಿಗೆ ತಿಳಿಯಹೇಳಬಲ್ಲೆವೇ? ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಗಿಂತ ಈ ಪ್ರಶ್ನೆಯೇ ನನಗೆ ದೊಡ್ಡದಾಗಿ ತೋರುತ್ತದೆ.