ಡಬ್ಬಿಯ ನಿಂಬೆಗಿಡ

ಮನುಷ್ಯನಿಗೆ ಜಡ್ಡು ಬಂದರೆ ಬಾಯಿ ಬಿಟ್ಟು ಹೇಳಿಕೊಳ್ಳುತ್ತಾನೆ. ದನಕ್ಕೆ ಬಂದರೆ ಅದು ಮೇವು ಬಿಟ್ಟು ನಿಂತು ತಿಳಿಸುತ್ತದೆ. ಗಿಡಕ್ಕೆ ಮಾತ್ರ ಎಲೆಯೇ ನಾಲಗೆ, ಎಲೆಯೇ ನಾಡಿ. ಆ ಎಲೆ ಹಳದಿಯಾಯಿತೋ, ಓಣಿಯವರೆಲ್ಲರೂ ಧನ್ವಂತರಿಗಳಾಗುತ್ತಾರೆ. ಹೋದ ವರ್ಷ ನಮ್ಮ ಮನೆಯ ನಿಂಬೆಗಿಡಕ್ಕೆ ಹೀಗಾದಾಗ ಒಂದೇ ವಾರದಲ್ಲಿ ನಾಲ್ಕು ಔಷಧಗಳು ಬಂದವು. ಪಕ್ಕದ ಮನೆಯ ಅಜ್ಜಿ, “ನೀರು ಸಾಲವಲ್ದು” ಎಂದಳು. ಎದುರುಮನೆಯ ಕಾಕಾ, “ಒಂದು ಮುಷ್ಟಿ ಯೂರಿಯಾ ಒಗೀರಿ” ಎಂದರು. ಅವ್ವ ತನ್ನಷ್ಟಕ್ಕೆ ತಾನು ನೀರೊಲೆಯ ಬೂದಿಯನ್ನು ದಿನವೂ ಬುಡಕ್ಕೆ ಹಾಕುತ್ತಿದ್ದಳು. ಹಾಲು ಹಾಕುವವನಂತೂ, “ದೃಷ್ಟಿ ಆಗೇತ್ರಿ” ಎಂದು ತೀರ್ಪು ಕೊಟ್ಟನು. ಊರಿನ ದೃಷ್ಟಿಯನ್ನೆಲ್ಲ ತೆಗೆಯುವ ನಿಂಬೆಗೇ ದೃಷ್ಟಿ ತಾಗಿದರೆ ಅದಕ್ಕೆ ಏನನ್ನು ನಿವಾಳಿಸಬೇಕೆಂಬುದನ್ನು ಮಾತ್ರ ಅವನು ಹೇಳಲಿಲ್ಲ.

ಒಂದು ಗಿಡಕ್ಕೆ ಇಷ್ಟು ಗದ್ದಲವೇಕೆಂದು ವಾಚಕರು ಕೇಳಬಹುದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ನಿಂಬೆಗೆ ಹೆಸರಾದದ್ದು. ಅಲ್ಲಿ ನಮಗೂ ಎರಡು ಎಕರೆ ತೋಟವಿತ್ತು. ಕೊಳವೆಬಾವಿ ಬತ್ತಿತು, ಎರಡು ಬೇಸಗೆಗಳಲ್ಲಿ ಮರಗಳು ಒಣಗಿದವು, ಹೊಲ ಮಾರಿ ಪಟ್ಟಣಕ್ಕೆ ಬಂದೆವು. ಅಪ್ಪ ಈಗ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ. ಬರುವಾಗ ಅವ್ವ ಎಣ್ಣೆಯ ಖಾಲಿ ಡಬ್ಬಿಯಲ್ಲಿ ಒಂದು ಸಸಿಯನ್ನು ತಂದಳು. ಬಾವಿಯ ಪಕ್ಕದ ಮರದ ಹಣ್ಣಿನ ಬೀಜದಿಂದ ಹುಟ್ಟಿದ್ದು ಅದು. ನಿಂಬೆಯ ಬೀಜದ್ದೊಂದು ವೈಚಿತ್ರ್ಯವಿದೆ. ಒಂದೇ ಬೀಜದಿಂದ ಹಲವು ಸಲ ಎರಡು ಮೂರು ಸಸಿಗಳು ಮೊಳೆಯುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿ ಎಲ್ಲ ಗುಣಗಳಲ್ಲಿಯೂ ತಾಯಿಯಂತೆಯೇ ಇರುತ್ತವೆ. ಎಂದರೆ ಡಬ್ಬಿಯಲ್ಲಿದ್ದುದು ಬಹುಮಟ್ಟಿಗೆ ಆ ಬಾವಿಯ ಪಕ್ಕದ ಮರವೇ. ಅವ್ವನಿಗೆ ಈ ಶಾಸ್ತ್ರ ತಿಳಿಯದು. ಆದರೂ ಅಪ್ಪ ಒಂದು ರಾತ್ರಿ, “ತ್ವಾಟಾನ ಹೋತು, ಇದೊಂದು ಇದ್ದರೆಷ್ಟು ಬಿಟ್ಟರೆಷ್ಟು? ಕಿತ್ತು ಒಗಿ” ಎಂದಾಗ ಅವಳು ಊಟ ಮಾಡದೆ ಮಲಗಿದಳು.

ಎಲೆ ಬಣ್ಣ ಬದಲಿಸಿದ ಮಾತ್ರಕ್ಕೆ ಅದು ರೋಗವೆನ್ನಲಾಗದು. ಜಪಾನಿನ ಮೇಪಲ್ ಮರದ ಎಲೆ ಶರದೃತುವಿನಲ್ಲಿ ಹಸಿರು ಬಿಟ್ಟು ಕೆಂಪಾಗುತ್ತದೆ. ಅದನ್ನು ನೋಡಲೆಂದೇ ಅಲ್ಲಿಯ ಜನ ಬೆಟ್ಟಗಳಿಗೆ ಹೋಗುತ್ತಾರೆ. ಅದೇ ಮೇಪಲ್ಲನ್ನು ತಟ್ಟೆಯಂಥ ಕುಂಡದಲ್ಲಿ ಬೋನ್ಸಾಯ್ ಮಾಡಿ ಸಾಕುವವನು ಮಾತ್ರ, ನಡುಬೇಸಗೆಯಲ್ಲಿ ಎಲೆಯಂಚು ಕಂದಿತೆಂದರೆ ಗಾಬರಿಯಾಗುತ್ತಾನೆ. ಬಣ್ಣವೊಂದೇ ಸಾಲದು, ಯಾವಾಗ ಬಂದಿತು, ಎಲ್ಲಿಂದ ಬಂದಿತು ಎಂಬುದೂ ಬೇಕು. ಇದನ್ನು ನನಗೆ ಮೊದಲು ಸೂಚಿಸಿದ್ದು ಪುಸ್ತಕವಲ್ಲ, ಅಪ್ಪ. ಮರುದಿನ ಸಂಜೆ ಕಾಲು ತೊಳೆಯುತ್ತ, ಗಿಡದ ಕಡೆಗೆ ನೋಡದೆಯೇ ಕೇಳಿದನು: “ತಮ್ಮಾ, ಹಳದಿ ತುದಿಯಿಂದ ಹಿಡದೈತೋ ಬುಡದಿಂದ ಹಿಡದೈತೋ?”

ಆ ಪ್ರಶ್ನೆಯ ಒಳಗುಟ್ಟು ನನಗೆ ಗ್ರಂಥಾಲಯದ ತೋಟಗಾರಿಕೆಯ ಪುಸ್ತಕದಿಂದ ತಿಳಿಯಿತು. ಸಾರಜನಕ ಸಾಲದಾದಾಗ ಗಿಡವು ಹಳೆಯ ಎಲೆಗಳಿಂದ ಅದನ್ನು ಹಿಂತೆಗೆದು ಚಿಗುರಿಗೆ ಕೊಡುತ್ತದೆ. ಆದ್ದರಿಂದ ಬುಡದ ಎಲೆಗಳು ಮೊದಲು ಬಿಳಿಚಿಕೊಳ್ಳುತ್ತವೆ. ಮೆಗ್ನೀಷಿಯಂ ಕೊರತೆಯೂ ಹಳೆಯ ಎಲೆಗಳಲ್ಲಿಯೇ ಕಾಣುವುದು. ಕಬ್ಬಿಣದ ಸ್ವಭಾವ ಬೇರೆ. ಅದು ಒಮ್ಮೆ ಎಲೆಯನ್ನು ಸೇರಿದರೆ ಸುಲಭವಾಗಿ ಕದಲದು. ಕಬ್ಬಿಣ ದೊರೆಯದಾದಾಗ ಹಳೆಯ ಎಲೆ ಹಸಿರಾಗಿಯೇ ಇದ್ದು ಚಿಗುರು ಹಳದಿಯಾಗುತ್ತದೆ. ನರಗಳು ಮಾತ್ರ ಹಸಿರಾಗಿ ಬಲೆಯಂತೆ ಉಳಿಯುತ್ತವೆ.

ಬೆಳಗಿನ ಬೆಳಕಿನಲ್ಲಿ ಒಂದೊಂದೇ ಎಲೆಯನ್ನು ತಿರುವಿ ನೋಡಿದೆನು. ಕಜ್ಜಿ ರೋಗದ ಒರಟು ಗುಳ್ಳೆಗಳಿರಲಿಲ್ಲ. ರಂಗೋಲಿ ಎಳೆದಂತೆ ಎಲೆ ಕೊರೆಯುವ ಹುಳುವಿನ ಬೆಳ್ಳಿಗೆರೆಯೂ ಇರಲಿಲ್ಲ. ಕೆಳಗಿನ ಎಲೆಗಳು ಹಸಿರು. ತುದಿಯವು ಹಳದಿ, ನಡುವೆ ಹಸಿರು ಬಲೆ. ಬಳಿಕ ಡಬ್ಬಿಯನ್ನು ನೋಡಿದೆನು. ಒಳಬದಿಯಲ್ಲಿ ಬಿಳಿಯ ಹಕ್ಕಳೆ ಕಟ್ಟಿತ್ತು. ಬುಡದ ತೂತು ಮುಚ್ಚಿಹೋಗಿತ್ತು. ನಮ್ಮ ಓಣಿಯ ಕೊಳವೆಬಾವಿಯ ನೀರು ಬೇಳೆ ಬೇಯದಷ್ಟು ಗಡಸು. ಅದರ ಮೇಲೆ ಕ್ಷಾರಗುಣದ ಬೂದಿ ಬೇರೆ. ಮಣ್ಣಿನಲ್ಲಿ ಕಬ್ಬಿಣವಿರಲಿಲ್ಲವೆಂದಲ್ಲ, ಕ್ಷಾರ ಹೆಚ್ಚಿ, ನೀರು ನಿಂತು, ಬೇರಿಗೆ ಅದು ದಕ್ಕದಾಗಿತ್ತು. ಕಣಜ ತುಂಬಿದ್ದು ಬಾಗಿಲಿನ ಕೀಲಿ ಕಳೆದುಹೋದಂತಾಗಿತ್ತು ಗಿಡದ ಪಾಡು.

ಆದರೂ ಊಹೆಯ ಮೇಲೆ ಔಷಧ ಕೊಡುವುದು ತರವಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ಒಂದೇ ಒಂದು ಹಳದಿ ಎಲೆಗೆ ಹತ್ತಿಯಿಂದ ಸವರಿ, ಗುರುತಿಗೆ ಅವ್ವನ ಸೀರೆಯ ಎಳೆಯೊಂದನ್ನು ಕಟ್ಟಿದೆನು. ಸುಮಾರು ಹತ್ತು ದಿನಗಳಲ್ಲಿ ದ್ರವ ತಾಕಿದ ಕಡೆಯಲ್ಲೆಲ್ಲ ಹಸಿರು ಚುಕ್ಕೆಗಳು ಮೂಡಿದವು; ಉಳಿದ ಎಲೆಗಳು ಹಾಗೆಯೇ ಇದ್ದವು. ಅಲ್ಲಿಗೆ ರೋಗ ಸಿಕ್ಕಿತು. ಬೂದಿ ನಿಂತಿತು, ಡಬ್ಬಿಯ ತೂತು ಬಿಡಿಸಿದ್ದಾಯಿತು, ಮೇಲ್ಮಣ್ಣು ಒಣಗಿದ ಮೇಲೆಯೇ ನೀರೆಂದು ಗೊತ್ತಾಯಿತು. ಮಳೆ ಬಂದಾಗಲೆಲ್ಲ ಅವ್ವ ಸೂರಿನ ಕೆಳಗೆ ಕೊಡಗಳ ಸಾಲನ್ನೇ ಇಡತೊಡಗಿದಳು. ಯೂರಿಯಾ ಚೀಲ ಕಾಕಾನವರ ಮನೆಯಲ್ಲಿಯೇ ಉಳಿಯಿತು.

ಕಿತ್ತು ಒಗೆಯೆಂದಿದ್ದ ಅಪ್ಪ, ಕೆಲಸದಿಂದ ಬಂದೊಡನೆ ಆ ದಾರ ಕಟ್ಟಿದ ಎಲೆಯ ಮುಂದೆ ಅರೆಗಳಿಗೆ ನಿಂತೇ ಒಳಗೆ ಬರುತ್ತಿದ್ದನು. ಒಂದು ದಿನ ಮಾರುಕಟ್ಟೆಯಿಂದ ಹೆಗಲ ಮೇಲೆ ದೊಡ್ಡದೊಂದು ಮಣ್ಣಿನ ಕುಂಡವನ್ನು ಹೊತ್ತು ತಂದು, “ಡಬ್ಬಿ ಸಣ್ಣದಾತು” ಎಂದಷ್ಟೇ ಹೇಳಿದನು.

ನನ್ನ ಮಿತ್ರರಲ್ಲಿ ಹಳ್ಳಿಯಿಂದ ಬಂದವರು ಬಹಳ. ಮನೆಯಲ್ಲಿ ನನ್ನಂತೆಯೇ ಮೊದಲು ಕಾಲೇಜು ಕಂಡವರು. ಅವರಲ್ಲೊಬ್ಬನು ಇಂಗ್ಲಿಷಿನಲ್ಲಿ ಹಿಂದೆ ಬಿದ್ದರೆ “ಬುದ್ಧಿ ಸಾಲದು” ಎನ್ನುವವರುಂಟು, “ಶ್ರದ್ಧೆ ಸಾಲದು” ಎನ್ನುವವರೂ ಉಂಟು. ಅವನು ಬೆಳಗಿನ ನಾಲ್ಕಕ್ಕೆ ಎದ್ದು ಮನೆಮನೆಗೆ ಪತ್ರಿಕೆ ಹಾಕಿ ತರಗತಿಗೆ ಬರುತ್ತಾನೆಂಬುದು ಕೇಳಿದವರಿಗಷ್ಟೇ ಗೊತ್ತು. ಹಳದಿ ಎಲ್ಲಿಂದ ಹಿಡಿಯಿತೆಂದು ಒಮ್ಮೆ ಕೇಳಿ, ಆಮೇಲೆ ಔಷಧ ಹೇಳಿದರೆ ಚೆನ್ನ.

ನಿಂಬೆಗಿಡ ಪೂರ್ತಿ ಗುಣವಾಯಿತೆಂದು ನಾನು ಹೇಳಲಾರೆ. ಕುಂಡಕ್ಕೆ ಬಂದ ಮೇಲೆ ಎರಡು ಸಲ ಚಿಗುರಿದೆ; ಚಿಗುರು ಹಸಿರಾಗಿದೆ. ವಿಜಯಪುರದ ಬೇಸಗೆ ಇನ್ನೂ ಮುಂದಿದೆ. ಅವ್ವ ಮಾತ್ರ ಉಪ್ಪಿನಕಾಯಿಯ ಭರಣಿಯನ್ನು ಈಗಲೇ ತೊಳೆದಿಟ್ಟಿದ್ದಾಳೆ.